ತೋಳ, ನರಿ, ಚಿರತೆ ಬೆನ್ನು ಹತ್ತಲು ಯಾವ ಹೊತ್ತು ಸರಿ? ಬೆಳಗ್ಗೆನಾ, ಸಂಜೆನಾ?

ಗಿರಮಿಟ್ ಹುಬ್ಬಳ್ಳಿ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹಕ್ಕಿ ಫೋಟೋ ತೆಗೆಯುತ್ತಾ ಮೂರು ವರ್ಷ ಆಯಿತು. ಮಾಗಡಿ ಕೆರೆ ಬಾತುಗಳನ್ನು ಸಾಕಾಗುವಷ್ಟು ತೆಗೆದಿದ್ದೇನೆ. ಈಗ ಬೇಟೆಯಾಡುವ ಪ್ರಾಣಿಗಳನ್ನು ಹಿಡಿಯಬೇಕು ಅಂತ ಆಸೆ. ಕ್ಯಾಮೆರಾದಲ್ಲಿ ಹಿಡಿಯೋದು, ತಪ್ಪು ತಿಳಿಯಬೇಡಿ.

ಹಳೆಯದೊಂದು ಉದ್ದ ಲೆನ್ಸ್ ಕೊಂಡೆ. ಹೋದ ಭಾನುವಾರ ಲಕ್ಷ್ಮೇಶ್ವರದ ಕಡೆ ಹೋಗಿದ್ದೆ. ಬೆಳಗ್ಗೆ 9ಕ್ಕೆ ಒಂದು ನರಿ ಕಂಡಿತು. ಒಂದು ತಾಸು ಅದರ ಹಿಂದೆ ಹೋದೆ. ನಾನು ಹತ್ತು ಹೆಜ್ಜೆ ಇಟ್ಟರೆ ಅದು ಇಪ್ಪತ್ತು. ನಿಂತರೆ ಅದೂ ನಿಲ್ಲುತ್ತದೆ, ತಿರುಗಿ ನೋಡುತ್ತದೆ, ಮತ್ತೆ ಹೊರಡುತ್ತದೆ. ಸಿಕ್ಕಿದ್ದು ಬಾಲ ಮಾತ್ರ, ಅದೂ ನೀರಿನೊಳಗಿಂದ ತೆಗೆದ ಹಾಗೆ ಅಲುಗಿದೆ.

ನನಗೆ ರಜೆ ಭಾನುವಾರ ಒಂದೇ ದಿನ. ಬೆಳಗ್ಗೆ ಹೋಗಲಾ, ಸಂಜೆ ಹೋಗಲಾ? ರಾತ್ರಿ ಹೋದರೆ ಹೇಗೆ?

ಬ್ಯಾಡಗಿ ಖಾರ · ಸೋಮವಾರ, ರಾತ್ರಿ 9:52

ಬೆಳಗ್ಗೆ. ಅದರಲ್ಲಿ ಮಾತೇ ಇಲ್ಲ. 9 ಗಂಟೆ ಅಂದರೆ ಬೆಳಗ್ಗೆ ಅಲ್ಲ ಮಾರಾಯರೇ, ಅದು ಇಡ್ಲಿ ಟೈಮು.

ಎರೆಹೊಲ · ಸೋಮವಾರ, ರಾತ್ರಿ 10:15

ತಮ್ಮಾ, ಆ ಫೋಟೋ ಅಲುಗಿದ್ದು ನಿನ್ನ ಕೈಯ ತಪ್ಪಲ್ಲ. ಎರೆ ಭೂಮಿ ಬೇಗ ಕಾಯುತ್ತದೆ. ಸುಗ್ಗಿ ಮುಗಿದ ಖಾಲಿ ಹೊಲದಲ್ಲಿ ಒಂಬತ್ತು, ಒಂಬತ್ತೂವರೆಗೆಲ್ಲ ನೆಲದಿಂದ ಬಿಸಿ ಏಳುತ್ತದೆ. ಅದೇ ಬಿಸಿಲ್ಗುದುರೆ. ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ, ಉದ್ದ ಲೆನ್ಸ್‌ಗೆ ತಿಳಿಯುತ್ತದೆ. ನೂರು ಹೆಜ್ಜೆ ಆಚೆಗಿನದ್ದೆಲ್ಲ ಕರಗಿದ ಹಾಗೆ ಬರುತ್ತದೆ. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಅಷ್ಟೇ.

ಹಾಗಾಗಿ ಬೆಳಗಿನ ಆಟ ಒಂಬತ್ತಕ್ಕೇ ಮುಗಿಯಿತು ಅಂದುಕೋ. ಶುರು ಯಾವಾಗ ಅನ್ನುವುದು ಬೇರೆ ಮಾತು. ನಾಳೆ ಬರೆಯುತ್ತೇನೆ, ಈಗ ಕರೆಂಟು ಬಂದಿದೆ, ನೀರು ಬಿಡಬೇಕು.

ರಾತ್ರಿಪಾಳಿ · ಸೋಮವಾರ, ರಾತ್ರಿ 11:58

ನಾನು ಹೇಳೋದು ರಾತ್ರಿ. ಜೀಪಿನ ಮೇಲೆ ದೊಡ್ಡ ಲೈಟ್ ಕಟ್ಟಿಕೊಂಡು ಹೋದರೆ ಕಣ್ಣು ಮಿಂಚುತ್ತವೆ, ನಿಂತಲ್ಲೇ ನಿಲ್ಲುತ್ತವೆ. ನಮ್ಮ ದೋಸ್ತರು ಕಪ್ಪತ್ತಗುಡ್ಡದ ಕೆಳಗೆ ಹೋಗಿ ಚಿರತೆ ನೋಡಿ ಬಂದರು. ಸುಮ್ನೆ ನಸುಕಿನಲ್ಲಿ ಯಾಕೆ ಚಳಿಗೆ ಸಾಯಬೇಕು?

ನಿರ್ವಾಹಕ · ಮಂಗಳವಾರ, ಬೆಳಗ್ಗೆ 6:30

ರಾತ್ರಿಪಾಳಿ ಅವರೇ, ಇದು ಇಲ್ಲಿ ನಡೆಯುವುದಿಲ್ಲ. ಕಪ್ಪತ್ತಗುಡ್ಡ 2019ರಿಂದ ವನ್ಯಜೀವಿಧಾಮ. ಸುಮಾರು 244 ಚದರ ಕಿಲೋಮೀಟರ್. ಒಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹಾರಿಸುವುದು ಮಾತ್ರ ಅಲ್ಲ. ಪ್ರಾಣಿಯನ್ನು ಅಟ್ಟುವುದು, ಆಸೆ ತೋರಿಸಿ ಕರೆಯುವುದೂ ಅದರಲ್ಲೇ ಬರುತ್ತದೆ. ಲೈಟ್ ಬಿಟ್ಟು ಜೀಪಿನಲ್ಲಿ ಹಿಂದೆ ಬೀಳುವುದು ಅದರಿಂದ ಎಷ್ಟು ದೂರ, ನೀವೇ ಹೇಳಿ.

ಇನ್ನೊಂದು, ಯಾರೂ ಮರಿ ಇರುವ ಬಿಲದ ಜಾಗ ಬರೆಯಬೇಡಿ, ಮ್ಯಾಪ್ ಹಾಕಬೇಡಿ. ಹಾಕಿದರೆ ಅಳಿಸುತ್ತೇನೆ.

ಧಾರವಾಡ ಮಳೆ · ಮಂಗಳವಾರ, ಬೆಳಗ್ಗೆ 7:20

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವಳು. ರಾತ್ರಿ ಲೈಟಿನ ವಿಷಯಕ್ಕೆ ಒಂದು ಮಾತು. ಕಣ್ಣು ಮಿಂಚುವುದು ಯಾಕೆ ಗೊತ್ತಾ? ಈ ಪ್ರಾಣಿಗಳ ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪದರ ಇದೆ. ಒಳಗೆ ಬಂದ ಬೆಳಕು ಅದಕ್ಕೆ ಬಡಿದು ವಾಪಸ್ ಹೋಗುತ್ತದೆ. ಹಾಗಾಗಿ ಕಣ್ಣಿಗೆ ಒಂದೇ ಬೆಳಕಿನಲ್ಲಿ ಎರಡು ಸಲ ನೋಡುವ ಅವಕಾಶ. ಅಂಥ ಕಣ್ಣಿಗೆ ಜೀಪಿನ ಲೈಟ್ ಬಿಟ್ಟರೆ ಏನಾಗಬೇಕು? ನಿಂತಲ್ಲೇ ನಿಲ್ಲುವುದು ಪೋಸು ಕೊಡಲು ಅಲ್ಲ, ಏನೂ ಕಾಣದೆ.

ಇನ್ನು ಹೊತ್ತಿನ ಪ್ರಶ್ನೆ. ಎಲ್ಲರೂ "ಬೇಟೆ ಪ್ರಾಣಿ" ಅಂತ ಒಂದೇ ಗಂಟು ಕಟ್ಟುತ್ತಿದ್ದೀರಿ. ತೋಳದ ಗಡಿಯಾರ ಬೇರೆ, ಚಿರತೆಯ ಗಡಿಯಾರ ಬೇರೆ.

ತೋಳ ಓಡಿ ಹಿಡಿಯುವ ಪ್ರಾಣಿ. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಏಪ್ರಿಲ್ ಬಿಸಿಲಲ್ಲಿ ಒಂದು ಮೈಲಿ ಓಡಿದರೆ ಅದರ ಕಥೆ ಮುಗಿಯಿತು. ಆದ್ದರಿಂದ ಅದಕ್ಕೆ ಬೇಕಾದ್ದು ತಂಪು. ಚಿರತೆ ಓಡುವ ಪ್ರಾಣಿ ಅಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿ ಹತ್ತಿರ ಬಂದು ನಾಲ್ಕು ನೆಗೆತದಲ್ಲಿ ಮುಗಿಸುತ್ತದೆ. ಅದಕ್ಕೆ ಬೇಕಾದ್ದು ಮರೆ, ಇಲ್ಲವೇ ಕತ್ತಲು. ದಟ್ಟ ಕಾಡಲ್ಲಿ ಮರೆ ಇರುತ್ತದೆ, ಅದಕ್ಕೇ ದಾಂಡೇಲಿ ಕಡೆ ಹಗಲಲ್ಲೂ ಚಿರತೆ ಕಾಣುವುದುಂಟು. ನಮ್ಮ ಬೋಳು ಗುಡ್ಡದಲ್ಲಿ ಮರೆ ಎಲ್ಲಿದೆ? ಕತ್ತಲನ್ನೇ ಹೊದ್ದುಕೊಳ್ಳಬೇಕು. ಕತ್ತೆಕಿರುಬ ಇವೆರಡಕ್ಕಿಂತಲೂ ತಡ. ಪೂರ್ತಿ ಕತ್ತಲಾಗದೆ ಗವಿ ಬಿಡುವುದಿಲ್ಲ, ಬೆಳಗಾಗುವ ಮೊದಲೇ ವಾಪಸ್.

ಭಾನುವಾರ ಒಂದೇ ದಿನ ಇದ್ದರೆ ಚಿರತೆ ಆಸೆ ಬಿಡಿ. ತೋಳ, ನರಿ ಅಂತ ಇಟ್ಟುಕೊಳ್ಳಿ.

ಗಿರಮಿಟ್ ಹುಬ್ಬಳ್ಳಿ · ಮಂಗಳವಾರ, ಮಧ್ಯಾಹ್ನ 1:10

ಮೇಡಂ, ತುಂಬಾ ಥ್ಯಾಂಕ್ಸ್. ಆದರೆ ಚಿರತೆ 2021ರಲ್ಲಿ ನಮ್ಮ ನೃಪತುಂಗ ಬೆಟ್ಟಕ್ಕೇ ಬಂದಿತ್ತಲ್ವಾ? ವಾಕಿಂಗ್ ಹೋಗುವವರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದರು. ಹಾಗೇನಾದರೂ ಅದೃಷ್ಟ?

ಇನ್ನೊಂದು ಪ್ರಶ್ನೆ. ಬಂಕಾಪುರದಲ್ಲಿ ತೋಳಧಾಮ ಆಗಿದೆಯಂತೆ. ಹುಬ್ಬಳ್ಳಿಯಿಂದ ಹತ್ತಿರ, ಅಲ್ಲಿಗೇ ಹೋಗಲಾ?

ಬ್ಯಾಡಗಿ ಖಾರ · ಮಂಗಳವಾರ, ಮಧ್ಯಾಹ್ನ 1:25

ಅಯ್ಯೋ! ಅದು ನಮ್ಮ ಬಂಕಾಪುರ ಅಲ್ಲ. ತೋಳಧಾಮ ಇರುವುದು ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಬಂಕಾಪುರ. ನಮ್ಮ ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆಯಲ್ಲಿ ಇರುವುದು ನವಿಲು. ಕ್ಯಾಮೆರಾ ತಗೊಂಡು ಬಂದು "ತೋಳ ಎಲ್ಲಿ" ಅಂತ ಕೇಳಿದವರನ್ನು ನಾನೇ ನೋಡಿದ್ದೇನೆ. ನವಿಲು ತೋರಿಸಿ ಕಳಿಸಿದೆವು.

ಧಾರವಾಡ ಮಳೆ · ಮಂಗಳವಾರ, ಮಧ್ಯಾಹ್ನ 2:00

ನೃಪತುಂಗ ಬೆಟ್ಟದ ಚಿರತೆ ದಾರಿ ತಪ್ಪಿದ್ದು. ಅದನ್ನು ಅದೃಷ್ಟ ಅಂತ ಕರೆಯಬೇಡಿ, ಅದಕ್ಕೂ ಅಲ್ಲ, ನಿಮಗೂ ಅಲ್ಲ.

ಕಂಬಳಿ · ಮಂಗಳವಾರ, ರಾತ್ರಿ 8:45

ನಾನು ಕುರಿ ಕಾಯುವ ಮನೆಯವನು. ಈಗ ಹಾವೇರಿಯಲ್ಲಿ ಕೆಲಸ. ಚಿಕ್ಕವನಿದ್ದಾಗ ಆರು ವರ್ಷ ಅಜ್ಜನ ಜೊತೆ ಕುರಿ ಹಿಂದೆ ತಿರುಗಿದ್ದೇನೆ. ಇಲ್ಲಿ ಬೆಳಗ್ಗೆ, ಸಂಜೆ ಅಂತ ಜಗಳ ನಡೆಯುತ್ತಿದೆ. ತೋಳ ಗಡಿಯಾರ ನೋಡುವುದಿಲ್ಲ, ಕುರಿಗಾರನನ್ನು ನೋಡುತ್ತದೆ.

ಸುಗ್ಗಿ ಆದ ಮೇಲೆ ರೈತರು ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿ ಕುರಿ ಎಲ್ಲಿ ನಿಂತಿದೆಯೋ ಅದರ ಸುತ್ತ ತೋಳ ಒಂದು ಸುತ್ತು ಹಾಕೇ ಹಾಕುತ್ತದೆ. ನಾಯಿ ಬೊಗಳುತ್ತದೆ, ಬೆಂಕಿ ಇರುತ್ತದೆ, ಹತ್ತಿರ ಬರುವುದಿಲ್ಲ. ಅದು ಕಾಯುವುದು ಎರಡು ಹೊತ್ತಿಗೆ. ಒಂದು, ನಸುಕಿನಲ್ಲಿ. ರಾತ್ರಿಯೆಲ್ಲ ಎಚ್ಚರ ಇದ್ದವನಿಗೆ ಬೆಳ್ಳಿ ಮೂಡಿದ ಮೇಲೆ ಕಣ್ಣು ಎಳೆಯುತ್ತದೆ. ಬೊಗಳಿ ಬೊಗಳಿ ನಾಯಿಯೂ ಮುದುಡಿ ಮಲಗಿರುತ್ತದೆ. ಎರಡು, ಸಂಜೆ ಕುರಿ ತಿರುಗುವಾಗ. ಹೊಟ್ಟೆ ತುಂಬಿದ ಕುರಿ ನಿಧಾನ ನಡೆಯುತ್ತದೆ, ಹಿಂಡು ಉದ್ದ ಆಗುತ್ತದೆ. ಮುಂದೆ ಒಬ್ಬ, ಹಿಂದೆ ಒಬ್ಬ, ನಡುವೆ ಯಾರೂ ಇಲ್ಲ. ಕುಂಟುವ ಕುರಿ, ಮರಿ ಹಾಕಲು ಹೊರಳುವ ಕುರಿ ಹಿಂದೆ ಬೀಳುತ್ತದೆ. ಹಳ್ಳ ದಾಟುವಾಗ ಹಿಂದಿನವನಿಗೆ ಮುಂದಿನವ ಕಾಣುವುದಿಲ್ಲ. ಅಷ್ಟು ಸಾಕು ಅದಕ್ಕೆ.

ಅಜ್ಜ ಹೇಳುತ್ತಿದ್ದರು: "ತೋಳ ಬಂದದ್ದು ನಾಯಿಗಿಂತ ಮೊದಲು ಟಿಟ್ಟಿಭಕ್ಕೆ ಗೊತ್ತಾಗತೈತಿ." ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ ಅದು. ಕಾಲಿಟ್ಟು ನಡೆಯುವ ಯಾವ ಪ್ರಾಣಿ ಬಂದರೂ ಎದ್ದು ಕಿರುಚುತ್ತದೆ. ಕತ್ತಲಲ್ಲಿ ಟಿಟ್ಟಿಭ ಒಂದೇ ದಿಕ್ಕಿನಿಂದ ಕೂಗುತ್ತಾ ಹತ್ತಿರ ಬಂದರೆ ಅಜ್ಜ ಕಂಬಳಿ ಒದರಿ ಎದ್ದು ನಿಲ್ಲುತ್ತಿದ್ದರು. ಗಿರಮಿಟ್ ಅಣ್ಣ, ನೀವೂ ಆ ಕೂಗಿಗೆ ಕಿವಿ ಕೊಡಿ.

ಎರೆಹೊಲ · ಮಂಗಳವಾರ, ರಾತ್ರಿ 9:30

ಕಂಬಳಿ ತಮ್ಮ ಸರಿಯಾಗಿ ಹೇಳಿದ. ನಾನು ನಿನ್ನೆ ಬರೆಯಬೇಕು ಅಂದುಕೊಂಡಿದ್ದೂ ಇದನ್ನೇ, ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಗಡಿಯಾರದ ಲೆಕ್ಕ ಬೇಕಿದ್ದವರಿಗೆ: ನಮ್ಮ ಗದಗ ಕಡೆ ಸಂಕ್ರಾಂತಿ ಹೊತ್ತಿಗೆ ಸೂರ್ಯ ಹುಟ್ಟುವುದು ಏಳಕ್ಕೆ ಎರಡು ಮೂರು ನಿಮಿಷ ಇರುವಾಗ. ಮೇ ಕೊನೆಗೆ ಆರಕ್ಕೇ ಹುಟ್ಟುತ್ತಾನೆ. ಅದಕ್ಕಿಂತ ಇಪ್ಪತ್ತು ನಿಮಿಷ ಮೊದಲೇ ಬೂದುಬಣ್ಣದ ಬೆಳಕು ಇರುತ್ತದೆ. ಆ ಇಪ್ಪತ್ತು ನಿಮಿಷ, ಆಮೇಲಿನ ಒಂದು ತಾಸು. ಬೆಳಗಿನ ಬಂಡವಾಳ ಅಷ್ಟೇ.

ಮಳೆಗಾಲದಲ್ಲಿ ಮೋಡ ಕವಿದ ದಿನ ನರಿ ಹತ್ತು ಗಂಟೆಗೂ ತಿರುಗುತ್ತದೆ, ನಿಜ. ಆದರೆ ಆಗ ನಮ್ಮ ಎರೆ ಹೊಲಕ್ಕೆ ಬೈಕ್ ತರಬೇಡ. ಒಂದು ಜೂನ್‌ನಲ್ಲಿ ಇಬ್ಬರು ಹುಡುಗರು ಬಂದಿದ್ದರು. ನಾಲ್ಕು ಹನಿ ಬಿದ್ದವು ಅಷ್ಟೇ. ಮಣ್ಣು ಗಾಲಿಗೆ ಸುತ್ತಿ, ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ, ಬೈಕ್ ತಳ್ಳಿದರೂ ಜಗ್ಗಲಿಲ್ಲ. ಕುರುಪಿಯಿಂದ ಕೆರೆಯುತ್ತಾ ಕೂತರು. ಎರಡು ಹೆಜ್ಜೆ ಹೋದರೆ ಮತ್ತೆ ಅಷ್ಟೇ. ಅಷ್ಟು ಹೊತ್ತಿಗೆ ಒಡ್ಡಿನ ಮೇಲೆ ಒಂದು ತೋಳ ಬಂದು, ನಿಂತು, ಇವರನ್ನು ನೋಡಿ ಹೋಯಿತು. ಇಬ್ಬರ ಕೈಯಲ್ಲೂ ಮೊಣಕೈವರೆಗೆ ಮಣ್ಣು. ಕ್ಯಾಮೆರಾ ಮುಟ್ಟುವವರು ಯಾರು?

ಮುಂಡರಗಿ ಗಾಳಿ · ಬುಧವಾರ, ರಾತ್ರಿ 10:05

ಎಲ್ಲರೂ ಹೊತ್ತಿನ ಬಗ್ಗೆ ಬರೆದಿರಿ. ಗಾಳಿ ಬಗ್ಗೆ ಯಾರೂ ಬರೆಯಲಿಲ್ಲ. ನಾನು ಗಾಳಿಯಂತ್ರ ರಿಪೇರಿ ಕೆಲಸದವನು, ನನ್ನ ಹೊಟ್ಟೆಪಾಡೇ ಗಾಳಿ. ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಎಷ್ಟೇ ನಸುಕಿನಲ್ಲಿ ಎದ್ದು ಹೋಗಿ, ಗಾಳಿ ನಿಮ್ಮ ಬೆನ್ನಿನಿಂದ ತೋಳದ ಕಡೆ ಬೀಸುತ್ತಿದ್ದರೆ ನೀವು ಮನೆಯಲ್ಲಿ ಹಾಸಿಗೆ ಮೇಲೆ ಇದ್ದ ಹಾಗೆಯೇ. ಅದರ ಮೂಗಿಗೆ ನಿಮ್ಮ ಸಾಬೂನು, ಚಹಾ, ನಿನ್ನೆಯ ಮಿರ್ಚಿ ಭಜಿ ಎಲ್ಲ ಗೊತ್ತಾಗುತ್ತದೆ.

ಗುಡ್ಡದ ಹತ್ತಿರ ಗಾಳಿಗೆ ದಿನಚರಿ ಇದೆ. ರಾತ್ರಿ ಗುಡ್ಡದ ಮೈ ತಣ್ಣಗಾಗಿ, ತಂಪು ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ಸೂರ್ಯ ಹುಟ್ಟುವವರೆಗೂ ಹಾಗೆಯೇ. ಬಿಸಿಲು ಬಿದ್ದು ಕಲ್ಲು ಕಾದ ಮೇಲೆ ತಿರುಗಿ ಮೇಲಕ್ಕೆ ಏರಲು ಶುರು. ಸಂಜೆ ಹೊತ್ತು ಮುಳುಗಿದ ಮೇಲೆ ಮತ್ತೆ ಕೆಳಗೆ. ಜೋರು ಗಾಳಿ ಇದ್ದ ದಿನ ಇದೆಲ್ಲ ಅಳಿಸಿಹೋಗುತ್ತದೆ, ಅದರಲ್ಲೂ ಮುಂಗಾರಿನಲ್ಲಿ ಪಡುವಣ ಗಾಳಿ ಹೇಳಿದ್ದೇ ಮಾತು. ಆದರೆ ಚಳಿಗಾಲದ ಶಾಂತ ಬೆಳಗಿನಲ್ಲಿ ನೀವೇ ನೋಡಬಹುದು.

ಈಗ ಇದನ್ನು ಪ್ರಾಣಿಯ ದಾರಿಗೆ ಜೋಡಿಸಿ. ರಾತ್ರಿಯೆಲ್ಲ ಹೊಲದಲ್ಲಿ ತಿರುಗಿದ ಪ್ರಾಣಿ ನಸುಕಿನಲ್ಲಿ ಕೆಳಗಿನಿಂದ ಗುಡ್ಡಕ್ಕೆ ಹತ್ತುತ್ತದೆ. ನೀವು ಮೇಲೆ ಕೂತಿದ್ದರೆ ನಿಮ್ಮ ವಾಸನೆ ನೇರ ಅದರ ಮೂಗಿಗೆ ಇಳಿಯುತ್ತದೆ. ಎಲ್ಲ ಫೋಟೋದವರೂ ಮೇಲೆಯೇ ಕೂರುತ್ತಾರೆ, ಚೆನ್ನಾಗಿ ಕಾಣುತ್ತದೆ ಅಂತ! ಬೆಳಗ್ಗೆ ಕೆಳಗೆ, ದಾರಿಯಿಂದ ಪಕ್ಕಕ್ಕೆ ಕೂರಬೇಕು. ಸಂಜೆ ಉಲ್ಟಾ. ಪ್ರಾಣಿ ಮೇಲಿನಿಂದ ಇಳಿಯುತ್ತದೆ, ಗಾಳಿ ಮೇಲಕ್ಕೆ ಏರುತ್ತಿರುತ್ತದೆ. ಆಗ ಎತ್ತರವೇ ಒಳ್ಳೆಯದು. ಸಂಜೆಯ ತೊಂದರೆ ಏನೆಂದರೆ ಹೊತ್ತು ಮುಳುಗುತ್ತಿದ್ದ ಹಾಗೆ ಗಾಳಿ ತಿರುಗುತ್ತದೆ. ಯಾವ ನಿಮಿಷಕ್ಕೆ ಅಂತ ಯಾರೂ ಹೇಳಲಾರರು. ಕಾದು ಕಾದು ಪ್ರಾಣಿ ಬರುವ ಹೊತ್ತಿಗೆ ಕತ್ತಿನ ಹಿಂದೆ ತಣ್ಣಗೆ ಆಯಿತು ಅಂದರೆ ಗಂಟು ಮೂಟೆ ಕಟ್ಟಿ. ಅದಕ್ಕೇ ನನ್ನ ಮತ ಬೆಳಗ್ಗೆಗೆ.

ಗಾಳಿ ನೋಡಲು ದೊಡ್ಡ ಉಪಕರಣ ಬೇಡ. ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಸಣ್ಣ ಗಂಟು ಕಟ್ಟಿ. ಬೆರಳಿನಿಂದ ಒಂದು ಸಲ ತಟ್ಟಿದರೆ ಪುಡಿ ಎತ್ತ ಹೋಗುತ್ತದೆ ನೋಡಿ. ಹತ್ತು ನಿಮಿಷಕ್ಕೊಮ್ಮೆ ತಟ್ಟಿ.

ರಾತ್ರಿಪಾಳಿ · ಬುಧವಾರ, ರಾತ್ರಿ 11:50

ಲೈಟ್ ಮಾತು ವಾಪಸ್. ಮೇಡಂ ಬರೆದದ್ದು ಓದಿದ ಮೇಲೆ ನಾಚಿಕೆ ಆಯಿತು. ಆದರೆ ನನಗೆ ಡ್ಯೂಟಿ ಮುಗಿಯುವುದೇ ಬೆಳಗ್ಗೆ 6ಕ್ಕೆ. ನನ್ನಂಥವರಿಗೆ ಸಂಜೆಯೇ ಗತಿ. ಸಂಜೆಯವರ ಪರ ಯಾರಾದರೂ ಮಾತಾಡಿ.

ಧಾರವಾಡ ಮಳೆ · ಗುರುವಾರ, ಬೆಳಗ್ಗೆ 7:05

ನಾನು ಮಾತಾಡುತ್ತೇನೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನೋಡಿದ್ದೀರಾ? 1974ರಲ್ಲಿ ಆಗಿದ್ದು, 119 ಚದರ ಕಿಲೋಮೀಟರ್. ಚಿಗರಿ, ಅಂದರೆ ಅದೇ ಕೃಷ್ಣಮೃಗ, ಅಲ್ಲಿ ಗುಂಪು ಗುಂಪಾಗಿ ಇವೆ. (ಹುಬ್ಬಳ್ಳಿಯ ಮಕ್ಕಳಿಗೆ ಚಿಗರಿ ಅಂದರೆ ಬಸ್ಸು ಮಾತ್ರ ಗೊತ್ತು!) ಚಿಗರಿ ಹಗಲಿನ ಪ್ರಾಣಿ. ಬೆಳಕು ಇಳಿಯುವಾಗ ಅದು ಬಯಲಲ್ಲೇ ಮೇಯುತ್ತಿರುತ್ತದೆ. ಚಿಗರಿಯ ಕಣ್ಣು ಸೋಲುವ ಹೊತ್ತಿಗೆ ತೋಳದ ಕಣ್ಣು ಗೆಲ್ಲುತ್ತಿರುತ್ತದೆ. ಸಂಜೆಯ ನೋಟಕ್ಕೆ ಅದು ಒಳ್ಳೆಯ ಜಾಗ. ಸಮಯ ಮುಗಿದ ಮೇಲೆ ಅಲ್ಲಿ ನಿಲ್ಲಲು ಬಿಡುವುದಿಲ್ಲ, ನಿಲ್ಲಲೂಬಾರದು.

ನೀವು ತೋಳವನ್ನು ಹುಡುಕಬೇಡಿ. ಚಿಗರಿಯ ಕತ್ತು ನೋಡುತ್ತಾ ಇರಿ. ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತರೆ ಅಲ್ಲೇನೋ ಇದೆ.

ಬಟ್ಟೆ ಬಗ್ಗೆಯೂ ಒಂದು ಮಾತು, ಯಾರೂ ಕೇಳಲಿಲ್ಲ ಆದರೂ. ತೋಳ, ನರಿಗಳಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ನೀಲಿ ಚೆನ್ನಾಗಿ ಕಾಣುತ್ತದೆ. ಅಂಗಡಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಸೈನ್ಯದ ಬಟ್ಟೆ ತರಬೇಕಾಗಿಲ್ಲ, ನೀಲಿ ಜೀನ್ಸ್ ಬಿಟ್ಟರೆ ಸಾಕು. ಮತ್ತೆ ಚಳಿಗಾಲ ತೋಳ ಮರಿ ಹಾಕುವ ಕಾಲ. ದೊಡ್ಡ ಬಿಲದ ಸುತ್ತ ಮೂಳೆ, ಹೆಜ್ಜೆ ಕಂಡರೆ ಬಂದ ದಾರಿಯಲ್ಲೇ ತಿರುಗಿ. ಜನ ಬಂದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿ ಬೇರೆ ಕಡೆ ಸಾಗಿಸುತ್ತದೆ. ಬಯಲಲ್ಲಿ ಆ ದಾರಿಯೇ ಅಪಾಯ.

ಎರೆಹೊಲ · ಗುರುವಾರ, ರಾತ್ರಿ 9:10

ಗಿರಮಿಟ್ ತಮ್ಮಾ, ಈ ಭಾನುವಾರ ನಮ್ಮ ಹೊಲಕ್ಕೆ ಬಾ. ಧಾಮದ ಹೊರಗೆ, ನನ್ನದೇ ಕಡಲೆ ಹೊಲ, ಯಾರ ಅನುಮತಿಯೂ ಬೇಡ. ಪಕ್ಕದಲ್ಲಿ ಕುರಿ ನಿಂತಿದೆ. ಐದೂಮುಕ್ಕಾಲಿಗೆ ಇಲ್ಲಿರಬೇಕು. ಬೈಕ್ ರಸ್ತೆಯಲ್ಲೇ ಬಿಡು. ಬೆನ್ನು ಹತ್ತುವ ಆಟ ಬೇಡ, ಹೊಂಚು ಹಾಕಿ ಕೂರೋಣ. ಬೆನ್ನು ಹತ್ತಿದರೆ ಅದು ಓಡುವುದನ್ನು ನೋಡುತ್ತೀಯ. ಕೂತರೆ ಅದು ತನ್ನ ಪಾಡಿಗೆ ಇರುವುದನ್ನು ನೋಡುತ್ತೀಯ.

ಗಿರಮಿಟ್ ಹುಬ್ಬಳ್ಳಿ · ಭಾನುವಾರ, ರಾತ್ರಿ 8:20

ಹೋಗಿ ಬಂದೆ. ಎಲ್ಲ ಬರೆಯುತ್ತೇನೆ.

ಹುಬ್ಬಳ್ಳಿ ಬಿಟ್ಟಿದ್ದು ನಾಲ್ಕಕ್ಕೆ. ಕೈ ಮರಗಟ್ಟಿತ್ತು. ಎರೆಹೊಲ ಕಾಕಾ ಒಡ್ಡಿನ ಕೆಳಗೆ, ಬಳ್ಳಾರಿ ಜಾಲಿ ಪೊದೆಗೆ ಬೆನ್ನು ಕೊಟ್ಟು ಕೂರಿಸಿದರು. ಬೂದಿ ಗಂಟು ತಟ್ಟಿದೆ. ಪುಡಿ ನಿಧಾನವಾಗಿ ನನ್ನ ಮಂಡಿ ದಾಟಿ ಹಿಂದಕ್ಕೆ ಹೋಯಿತು. ಅಂದರೆ ಗಾಳಿ ಗುಡ್ಡದಿಂದ ನಮ್ಮ ಕಡೆಗೆ. ಗಾಳಿ ಅಣ್ಣ, ನೀವು ಹೇಳಿದ ಹಾಗೆಯೇ.

6:20ರ ಸುಮಾರಿಗೆ ಟಿಟ್ಟಿಭ ಕೂಗಿತು. ಕಂಬಳಿ ಅಣ್ಣ ಬರೆದಿದ್ದು ನೆನಪಾಗಿ ಮೈ ಜುಮ್ ಅಂದಿತು. ಕೂಗು ನಮ್ಮ ತಲೆ ಮೇಲೆಯೇ ಎರಡು ಸುತ್ತು ಬಂತು. ನಾನು ಉಸಿರು ಬಿಗಿಹಿಡಿದು ಕೂತೆ. ಏನೂ ಬರಲಿಲ್ಲ.

6:40ಕ್ಕೆ ಬಂತು. ಟಿಟ್ಟಿಭ ಸುಮ್ಮನಾದ ಮೇಲೆ, ಬೇರೆ ದಿಕ್ಕಿನಿಂದ. ಮೊದಲು ನಾಯಿ ಅಂದುಕೊಂಡೆ. ಆದರೆ ನಾಯಿ ಹಾಗೆ ನಡೆಯುವುದಿಲ್ಲ. ತಲೆ ಬೆನ್ನಿಗಿಂತ ಕೆಳಗೆ, ಕಾಲು ಉದ್ದ, ಹಿಂದಿನ ಕಾಲು ಮುಂದಿನ ಹೆಜ್ಜೆಯ ಮೇಲೆಯೇ ಬೀಳುವ ಹಾಗೆ ಸಣ್ಣ ಓಟ. ಕುರಿ ನಿಂತ ಹೊಲದ ಅಂಚಿನಲ್ಲಿ ನಿಂತಿತು. ಕುರಿಗಳ ಕಡೆ ನೋಡಲಿಲ್ಲ. ಬೂದಿಯಾದ ಬೆಂಕಿಯ ಪಕ್ಕ ಕಂಬಳಿ ಹೊದ್ದು ಮಲಗಿದ್ದ ಮನುಷ್ಯನನ್ನೇ ನೋಡುತ್ತಾ ನಿಂತಿತು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆಮೇಲೆ ಕಂಬಳಿಯೊಳಗಿಂದ ಒಂದು ಕೆಮ್ಮು ಬಂತು. ಅಷ್ಟೇ, ಒಂದು ಕೆಮ್ಮು. ತೋಳ ತಿರುಗಿ ಅದೇ ಓಟದಲ್ಲಿ ಗುಡ್ಡದ ಕಡೆ ಹೋಯಿತು.

ಫೋಟೋ ಹನ್ನೊಂದು ಬಂದಿವೆ. ಹತ್ತು ಅಲುಗಿವೆ, ಬೆಳಕು ಅಷ್ಟು ಕಡಿಮೆ. ಒಂದರಲ್ಲಿ ಕಿವಿ ಎರಡೂ ಸರಿಯಾಗಿವೆ. ಹಾಕಿದ್ದೇನೆ ನೋಡಿ. ಸಂಜೆಯೂ ಕೂತೆವು, ಮೊಲ ಬಿಟ್ಟು ಏನೂ ಕಾಣಲಿಲ್ಲ. ಕಾಕಾನ ಮನೆಯ ರೊಟ್ಟಿ, ಗುರೆಳ್ಳು ಚಟ್ನಿ ಬಗ್ಗೆ ಬೇರೆಯೇ ಬರೆಯಬೇಕು.

ಒಂದು ಅನುಮಾನ ಉಳಿದಿದೆ. 6:20ಕ್ಕೆ ಟಿಟ್ಟಿಭ ಕೂಗಿದಾಗ ಬಂದದ್ದು ಯಾವ ಪ್ರಾಣಿ? ಚಿರತೆ ಇರಬಹುದಾ?

ಕಂಬಳಿ · ಭಾನುವಾರ, ರಾತ್ರಿ 9:15

ಅಣ್ಣ, ಆ ಕಂಬಳಿ ಹೊದ್ದು ಮಲಗಿದ್ದವರು ನಮ್ಮ ಸೋದರಮಾವ. ಈಗ ಫೋನ್ ಮಾಡಿದ್ದರು. ಅವರು ನಿದ್ದೆ ಮಾಡಿರಲಿಲ್ಲ. ತೋಳ ಬಂದದ್ದೂ ಗೊತ್ತು, ನೀವು ಬಂದದ್ದೂ ಗೊತ್ತು. "ಯಾರೋ ಕೆಂಪು ಟೊಪ್ಪಿಗಿ ಹಾಕ್ಕೊಂಡು ಜಾಲಿ ಕಂಟಿ ಬುಡಕ ಹತ್ತು ನಿಮಿಷಕ್ಕೊಮ್ಮೆ ಕೈ ಆಡಸ್ತಿದ್ದ" ಅಂತ ನಗುತ್ತಿದ್ದರು.

ಟೋಪಿಯ ಕೆಂಪು ತೋಳಕ್ಕೆ ಕಾಣದಿರಬಹುದು, ಮೇಡಂ ಹೇಳಿದ್ದಾರಲ್ಲ. ಹಕ್ಕಿಗೆ ಕಾಣುತ್ತದೆ. ಟಿಟ್ಟಿಭ ಕೂಗಿದ್ದು ನಿಮಗೆ.